ಯಜಮಾನರ ಹೆಸರಿನ ನಾಯಿಮರಿ

ಕುಂದಾಪುರದಿಂದ ಹೊರಟ ನಮ್ಮ ಗಾಡಿ ಬೈಂದೂರು ಮುಟ್ಟುವುದರೊಳಗೆ ನಗುವಂಥದ್ದು ಏನೂ ನಡೆಯಲಿಲ್ಲ ಎಂದರೆ, ಅವತ್ತು ದಾರಿಯಲ್ಲೆಲ್ಲೋ ಗಾಡಿ ಕೆಟ್ಟು ನಿಂತಿದೆ ಅಂತಲೇ ಲೆಕ್ಕ. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವ. ಹೋಟೆಲಿನಲ್ಲಿ ಲೋಟ ತೊಳೆದೆ, ಗಂಗೊಳ್ಳಿಯಲ್ಲಿ ಬೋಟು ಹತ್ತಿದೆ, ಲಾರಿಯಲ್ಲಿ ಕ್ಲೀನರ್ ಆದೆ, ಮುಂಬೈಗೆ ಹೋದೆ, ಬಂದೆ, ಮತ್ತೆ ಹೋದೆ, ಮತ್ತೆ ಬಂದೆ. ಒಂದೇ ಊರಿನಲ್ಲಿ ಮಳೆಗಾಲವನ್ನೂ ಬೇಸಿಗೆಯನ್ನೂ ಕಂಡದ್ದು ಕಡಿಮೆ. ಈಗ ಒಬ್ಬ ನಾಯಿ ಡಾಕ್ಟರ ಗಾಡಿ ಓಡಿಸುತ್ತೇನೆ. ಡಾಕ್ಟರು ಮೈಸೂರು ಕಡೆಯ ಹುಡುಗಿ, ಮಾತು ಕಡಿಮೆ, ಆಡಿದರೆ ಪುಸ್ತಕದ ಕನ್ನಡ. ಜನ ಹೇಳಿದ್ದನ್ನು ಅವರಿಗೂ ಅವರು ಹೇಳಿದ್ದನ್ನು ಜನರಿಗೂ ದಾಟಿಸುವುದು ನನ್ನ ಇನ್ನೊಂದು ಕೆಲಸ. ಇದಕ್ಕೆ ಬೇರೆ ಸಂಬಳ ಇಲ್ಲ, ನಗು ಮಾತ್ರ ಧಾರಾಳ.

ಬಂಗುಡೆಯ ತೀರ್ಪು

ಗುಲ್ವಾಡಿಯ ಹೊಳೆಬದಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಜಗಲಿಯಲ್ಲಿ ಮೆಷಿನ್ ಇಟ್ಟುಕೊಂಡು ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಾರೆ. ಅವರ ಹಳೆಯ ನಾಯಿ ಒಂದು ದಿನ ಮೀನಿನ ಆಟೋದ ಹಿಂದೆ ಓಡಿದ್ದು ತಿರುಗಿ ಬರಲೇ ಇಲ್ಲ. ಸುಮಾರು ಸಮಯದ ಮೇಲೆ, ಬ್ರಹ್ಮಾವರದ ಒಂದು ಗ್ಯಾರೇಜಿನಲ್ಲಿ ಸಂಕೋಲೆ ಹಾಕಿಕೊಂಡು ಕೂತಿದೆ ಎಂದು ಯಾರೋ ಸುದ್ದಿ ಕೊಟ್ಟರು. ಅಕ್ಕ ಬಸ್ ಹತ್ತಿ ಹೋದರು. ಗ್ಯಾರೇಜಿನವ, ಇದು ನಮ್ಮದೇ, ಮರಿ ಇರುವಾಗಿಂದ ಸಾಕಿದ್ದು ಎಂದ.

ಅಲ್ಲಿ ಸೇರಿದ ದೊಡ್ಡವರೆಲ್ಲ ಕೂತು ಪಂಚಾತಿಕೆ ಮಾಡಿದರು. ನಾಯಿಯನ್ನು ನಡುವೆ ಬಿಡುವುದು, ಆಚೆಯಿಂದ ಒಬ್ಬರು ಈಚೆಯಿಂದ ಒಬ್ಬರು ಕರೆಯುವುದು, ಯಾರ ಹತ್ತಿರ ಹೋಗುತ್ತದೋ ಅವರದ್ದು. ನಮ್ಮ ಕಡೆ ದನ ಕರು ನಾಯಿ ಎಲ್ಲಕ್ಕೂ ಇದೇ ಕಾನೂನು. ಅಕ್ಕ ಹೆಸರು ಹಿಡಿದು ಕರೆದರು, ಮುದ್ದು ಮಾಡಿ ಕರೆದರು, ಕೊನೆಗೆ ಗಂಟಲು ಕಟ್ಟಿತು. ಗ್ಯಾರೇಜಿನವ ಕರೆಯಲೇ ಇಲ್ಲ. ಎರಡು ಕೈಯನ್ನೂ ಬೆನ್ನ ಹಿಂದೆ ಇಟ್ಟುಕೊಂಡು ಸುಮ್ಮನೆ ನಿಂತಿದ್ದ. ನಾಯಿ ನೆಟ್ಟಗೆ ಹೋಗಿ ಅವನ ಬೆನ್ನ ಹಿಂದೆ ನಿಂತಿತು. ಹಿಂದಿನ ಕೈಯಲ್ಲಿ ಬಂಗುಡೆ ಮೀನು ಇತ್ತು ಎನ್ನುವುದು ಅಕ್ಕನಿಗೆ ಕಂಡದ್ದು ತೀರ್ಪು ಆದ ಮೇಲೆ.

ಅವತ್ತಿನಿಂದ ಅಕ್ಕನ ಮನೆಗೆ ಬಂಗುಡೆ ಬರುವುದಿಲ್ಲ. ನಾಯಿ ಮಾಡಿದ ತಪ್ಪಿಗೆ ಗಂಡ ಇವತ್ತಿಗೂ ಬೂತಾಯಿ ಮೀನೇ ತಿನ್ನುತ್ತಿದ್ದಾರೆ.

ಚರಿಗೆಗೆ ಹೆಸರು ಹೊಡೆಸಿದ ಹಾಗೆ

ಆಮೇಲೆ ಅಕ್ಕ ಒಂದು ಹೆಣ್ಣು ಮರಿ ತಂದರು. ಕಂದು ಬಣ್ಣ, ನೆಟ್ಟಗಿನ ಕಿವಿ ಒಂದು, ಮಡಚಿದ ಕಿವಿ ಒಂದು. ಚುಚ್ಚುಮದ್ದಿಗೆ ಹೋದ ದಿನ ಅಕ್ಕ ಡಾಕ್ಟರ ಹತ್ತಿರ ಮೆಲ್ಲಗೆ, "ಇದೂ ಹೋಯ್ತ್ ಅಂದ್ರೆ ನಂಗೆ ಇನ್ನೊಂದ್ ಸಾಂಕುಕೆ ಎದಿ ಇಲ್ಲೆ" ಎಂದರು. ಡಾಕ್ಟರು ಆಗ ಚಿಪ್ ವಿಷಯ ತೆಗೆದರು. ಅಕ್ಕಿಕಾಳಿನಷ್ಟು ದೊಡ್ಡದು, ಸೂಜಿಯಲ್ಲಿ ಹೆಗಲ ನಡುವೆ ಚರ್ಮದ ಅಡಿಗೆ ಹಾಕುವುದು, ಸಾಯುವ ತನಕ ಅಲ್ಲೇ ಇರುತ್ತದೆ.

ಅಕ್ಕನ ಗಂಡ ಅದಕ್ಕೆ ಚಾರ್ಜ್ ಯಾವಾಗ ಮಾಡುವುದು ಎಂದು ಕೇಳಿದರು. ಬ್ಯಾಟರಿಯೇ ಇಲ್ಲ ಎಂದರು ಡಾಕ್ಟರು. ಹಾಗಾದರೆ ನಾಯಿ ಎಲ್ಲಿದೆ ಎಂದು ಮೊಬೈಲಿನಲ್ಲಿ ಕಾಣುತ್ತದಾ? ಕಾಣುವುದಿಲ್ಲ. ಬೊಗಳುತ್ತದಾ, ಬೆಳಕು ಕೊಡುತ್ತದಾ? ಇಲ್ಲ. ಅದರಲ್ಲಿ ಒಂದು ನಂಬರ್ ಇರುತ್ತದೆ, ಓದುವ ಯಂತ್ರ ಹತ್ತಿರ ಹಿಡಿದರೆ ಆ ನಂಬರ್ ಬರುತ್ತದೆ, ಆ ನಂಬರಿನ ಎದುರಿಗೆ ನಿಮ್ಮ ಹೆಸರು ಕಂಪ್ಯೂಟರಿನಲ್ಲಿ ಇರುತ್ತದೆ, ಅಷ್ಟೇ. ಗಂಡನಿಗೆ ಇದರಲ್ಲಿದ್ದ ಆಸಕ್ತಿ ಪೂರ್ತಿ ಹೋಯಿತು. ಅಕ್ಕನಿಗೆ ಮಾತ್ರ ಒಂದೇ ಏಟಿಗೆ ತಲೆಗೆ ಹೋಯಿತು.

"ಚರ್ಗಿಗೆ ಹೆಸ್ರ್ ಹೊಡ್ಸ್ದಾಂಗೆ ಅಲ್ದಾ?"

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಮದುವೆ ಪೂಜೆ ಬಂದರೆ ನಾಲ್ಕು ಮನೆಯ ಪಾತ್ರೆ ಒಂದೇ ಅಂಗಳದಲ್ಲಿ ಸೇರುತ್ತದೆ. ತಿರುಗಿ ಬರಬೇಕಾದರೆ ಕಂಠದ ಮೇಲೆ ಹೆಸರು ಇರಬೇಕು. ಆ ಹೆಸರೂ ತೊಳೆಯುವವರದ್ದಲ್ಲ, ಕುಟುಂಬದ ಯಜಮಾನರದ್ದು. ಅಕ್ಕನಂಥ ಮನೆತನಗಳಲ್ಲಿ ಹಕ್ಕು ಇಳಿಯುವುದು ಹೆಣ್ಣಿನ ಕಡೆಯಿಂದ, ಯಜಮಾನಿಕೆ ಮಾತ್ರ ಹಿರೀ ಸೋದರಮಾವನದ್ದು. ಹಾಗಾಗಿ ಒಡೆಯರ ಹೆಸರೇನು ಎಂದು ಡಾಕ್ಟರು ಕೇಳಿದಾಗ, ಅಕ್ಕ ಒಂದು ಗಳಿಗೆಯೂ ಯೋಚನೆ ಮಾಡದೆ ಮುಂಬೈಯಲ್ಲಿ ಹೋಟೆಲ್ ನಡೆಸುವ ದೊಡ್ಡ ಮಾವನ ಹೆಸರು ಹೇಳಿದರು. ಅವರು ಈ ನಾಯಿ ಕಂಡಿದ್ದಾರಾ ಎಂದರು ಡಾಕ್ಟರು. ಅಕ್ಕ, ಅವರು ನಮ್ಮ ಮನೆಯ ಕೊಪ್ಪರಿಗೆಯನ್ನೂ ಕಂಡಿಲ್ಲ, ಆದರೂ ಹೆಸರು ಅವರದ್ದೇ ಅಲ್ಲವಾ ಎಂದರು.

ಫೋನ್ ನಂಬರ್? ಅಕ್ಕನ ಮನೆಯಲ್ಲಿ ಟವರ್ ಸಿಗುವುದಿಲ್ಲ. ಗಂಡ ಸಿಮೆಂಟ್ ಅಂಗಡಿಯಲ್ಲಿ ಫೋನ್ ತೆಗೆಯುವುದಿಲ್ಲ. ದೊಡ್ಡ ಮಾವನಿಗೆ ನಾಯಿ ವಿಷಯಕ್ಕೆ ಫೋನ್ ಮಾಡುವ ಧೈರ್ಯ ಯಾರಿಗೂ ಇಲ್ಲ. ಅಕ್ಕ ನನ್ನನ್ನು ನೋಡಿದರು.

"ನಿಮ್ದೇ ಬರ್ಸಿ ಅಣ್ಣ. ನಿಮ್ಗೆ ಹ್ಯಾಂಗೂ ಮನಿ ಮಠ ಇಲ್ಲೆ, ಫೋನ್ ಆದ್ರೂ ಇತ್ತಲೆ."

ಶಿರೂರಿನ ಭಾವ

ಅಲ್ಲಿಂದ ಶುರುವಾಯಿತು. ಅಕ್ಕ ಬರೆಸಿದ್ದು ಕೇಳಿ ಬೇರೆಯವರೂ ನನ್ನ ನಂಬರನ್ನೇ ಬರೆಸಿದರು. ಸ್ವಂತಕ್ಕೆ ಒಂದು ವಿಳಾಸ ಇಲ್ಲದ ನಾನು ಮೂರು ತಾಲೂಕಿನ ನಾಯಿಗಳಿಗೆ ಕಾಯಂ ವಿಳಾಸವಾದೆ.

ಶಿರೂರಿನಲ್ಲಿ ಒಬ್ಬರಿದ್ದರು, ವಿದೇಶದಲ್ಲಿ ದುಡಿದು ಬಂದವರು. ನನ್ನನ್ನು ಭಾವ ಎಂದೇ ಕರೆಯುವುದು. ನಮ್ಮ ಗಾಡಿಯಲ್ಲಿ ಕೂತರೆ ಚಿಪ್ ಹಾಕಿದ ನಾಯಿಗಳೆಲ್ಲ ಕಾಣುತ್ತವೆ ಎಂದು ಅವರ ನಂಬಿಕೆ. ಇಲ್ಲ ಎಂದು ಮೂರು ಸಲ ಹೇಳಿ ಸಾಕಾಯಿತು. ನಾಲ್ಕನೇ ಸಲ ಫೋನ್ ಬಂದಾಗ ನಾನು ಹೆಮ್ಮಾಡಿಯಲ್ಲಿ ಚಾ ಕುಡಿಯುತ್ತಿದ್ದೆ. ನಮ್ಮ ನಾಯಿ ಎಲ್ಲಿದೆ ಎಂದರು. ಬಿಸಿಲಿನ ಹೊತ್ತು, ನಾಯಿ ಎಲ್ಲಿರುತ್ತದೆ? ಬಾವಿಕಟ್ಟೆಯ ನೆರಳಿನಲ್ಲಿ ಕಾಣಿ ಎಂದೆ. ಅಲ್ಲೇ ಇತ್ತು. ಊರಲ್ಲೆಲ್ಲ ನನ್ನ ಹೆಸರಾಯಿತು.

ಒಂದು ಭಾನುವಾರ ಅವರ ಹೆಂಡತಿಯ ಫೋನ್. ನಾಯಿ ಎಲ್ಲಿದೆ ಈಗ, ಸ್ವಲ್ಪ ನೋಡಿ ಹೇಳಿ ಎಂದರು. ನನಗೂ ಹೆಸರಿನ ಅಮಲು ಏರಿತ್ತು. ಹಿಂದೆ ಗಲಾಟೆ ಕೇಳುವ ಹಾಗಿದೆ, ಕೋಳಿ ಅಂಕದ ಜೂಜಿನ ಕಡೆ ಇರಬೇಕು ಎಂದು ಬಾಯಿಗೆ ಬಂದದ್ದು ಹೇಳಿದೆ. ಆ ಹೆಂಗಸು ಬಹಳ ಶಾಂತವಾಗಿ, "ನಾಯಿ ಇವ್ರನ್ನ್ ಬಿಟ್ಟ್ ಎಲ್ಲೂ ಹೋಪುದಿಲ್ಲೆ" ಎಂದು ಫೋನ್ ಇಟ್ಟರು.

ಮರುದಿನ ಭಾವ ಖುದ್ದು ಕುಂದಾಪುರಕ್ಕೆ ಬಂದರು. ರಾತ್ರಿ ನಿದ್ರೆ ಇಲ್ಲದ ಕಣ್ಣು. ಡಾಕ್ಟರ ಹತ್ತಿರ ಅವರು ಕೇಳಿದ್ದು ಒಂದೇ, ಈ ಚಿಪ್ ತೆಗೆಯಲಿಕ್ಕೆ ಆಗುತ್ತದಾ?

ಟೋಲಿನ ಪಕ್ಕದ ದಾರಿ

ಇದು ಸಣ್ಣದು. ಸಾಸ್ತಾನದ ಹತ್ತಿರ ಒಬ್ಬರು ಹಿರಿಯರು ಬೆಳಿಗ್ಗೆ ನಾಯಿ ಹಿಡಿದು ಹೆದ್ದಾರಿಯಲ್ಲೇ ನಡೆಯುವವರು. ಚಿಪ್ ಹಾಕಿಸಿದ ಮೇಲೆ ಗದ್ದೆ ಅಂಚಿನಲ್ಲಿ ಸುತ್ತು ಹಾಕಿ, ಕೆಸರು ಮೆಟ್ಟಿಕೊಂಡು ಹೋಗುವುದು ಕಂಡೆ. ಯಾಕೆ ಎಂದರೆ, ಟೋಲ್ ಗೇಟಿನ ಮೇಲೆ ಯಂತ್ರ ಇದೆ, ಚಿಪ್ ಇದ್ದದ್ದೆಲ್ಲ ಓದುತ್ತದೆ, ಸುಮ್ಮನೆ ಯಾಕೆ ರಗಳೆ ಎಂದರು. ಅದು ಗಾಡಿಗೆ ಮಾತ್ರ, ನಾಯಿಗಲ್ಲ ಎಂದು ನಾನು ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿ ತಲೆಯಾಡಿಸಿ ಒಪ್ಪಿದರು.

ಮರುದಿನ ಮತ್ತೆ ಗದ್ದೆ ಅಂಚಿನಲ್ಲೇ. ನಾವು ಲೋಕಲ್ ಅಲ್ಲವಾ, ಪಾಸ್ ಮಾಡಿಸಿ ಆಮೇಲೆ ರಸ್ತೆಗೆ ಬರುತ್ತೇವೆ ಎಂದರು.

ಜ್ವರ ಎಷ್ಟಿತ್ತ್

ಒಂದು ದಿನ ಅಕ್ಕನ ಗಂಡ ಹುಟ್ಟಿದ ಮೇಲೆ ಮೊದಲ ಸಲ ನನಗೆ ಫೋನ್ ಮಾಡಿದರು. ಮರಿ ಇಲ್ಲ. ಪಕ್ಕದ ಮನೆಯಲ್ಲಿ ಗೃಹಪ್ರವೇಶ ಮುಗಿದು, ಶಾಮಿಯಾನ ಬಿಚ್ಚುವ ಗಡಿಬಿಡಿಯಲ್ಲಿ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಹೋಗಿ ನೋಡಿದರೆ ಅಕ್ಕ ಮೆಷಿನಿಗೆ ಮುಸುಕು ಹಾಕಿ ಕೂತಿದ್ದರು. ಮದುವೆ ರವಿಕೆಗಳ ರಾಶಿ ಹಾಗೇ ಬಿದ್ದಿತ್ತು. ಅಳುತ್ತಿರಲಿಲ್ಲ. ಅದನ್ನು ನೋಡುವುದೇ ಹೆಚ್ಚು ಕಷ್ಟ.

ಡಾಕ್ಟರು ಓದುವ ಯಂತ್ರ ಕೊಟ್ಟು, ಹೋಗಿ ಹುಡುಕಿ ಎಂದರು. ಆ ಯಂತ್ರದ ಗುಣ ಏನೆಂದರೆ, ನಾಯಿಯ ಹೆಗಲಿಗೆ ತಾಗುವಷ್ಟು ಹತ್ತಿರ ಹಿಡಿದರೆ ಮಾತ್ರ ಓದುತ್ತದೆ. ಅಷ್ಟು ಹತ್ತಿರ ಹೋಗಿ ಬದುಕಿ ಬರುವುದು ನಮ್ಮ ಗುಣದ ಮೇಲೆ. ಅಕ್ಕನೂ ನಾನೂ ಗುಲ್ವಾಡಿ, ಮಾವಿನಕಟ್ಟೆ, ತಲ್ಲೂರು ಎಂದು ಕಂದು ನಾಯಿ ಕಂಡಲ್ಲೆಲ್ಲ ಇಳಿದೆವು. ಕಂದು ಅಲ್ಲದ ನಾಯಿ ನಮ್ಮ ಕಡೆ ಎಷ್ಟು ಕಡಿಮೆ ಎಂದು ಅವತ್ತು ಗೊತ್ತಾಯಿತು.

ಒಂದು ಮನೆಯ ಅಂಗಳದಲ್ಲಿ ಮಲಗಿದ್ದ ನಾಯಿಯ ಬೆನ್ನಿಗೆ ನಾನು ಯಂತ್ರ ಹಿಡಿದಿದ್ದೆ. ಒಳಗಿನಿಂದ ಒಬ್ಬರು ಅಜ್ಜಿ ಕೋಲೂರಿಕೊಂಡು ಬಂದು, ಏನೂ ಕೇಳದೆ, ಸೆರಗು ಸರಿಮಾಡಿಕೊಂಡು ನನ್ನ ಮುಂದೆ ಹಣೆ ಒಡ್ಡಿ ನಿಂತರು. ಕೊರೊನಾ ಕಾಲದಲ್ಲಿ ಇಂಥದ್ದೇ ಹಿಡಿದುಕೊಂಡು ಬಂದಿದ್ದರಲ್ಲ. ವಿವರಿಸುತ್ತ ಕೂರುವ ಹೊತ್ತಲ್ಲ, ಹಣೆಗೂ ಒಮ್ಮೆ ಹಿಡಿದೆ.

"ಎಷ್ಟಿತ್ತ್?" ಎಂದರು.

ಏನೂ ಇಲ್ಲ ಅಜ್ಜಿ ಎಂದೆ.

"ಹಾಂಗಾರೆ ನಾಯಿಗೇ ಜ್ವರ" ಎಂದು ನಾಯಿಗೆ ಬೈದು ಒಳಗೆ ಹೋದರು.

ನನ್ನ ಜೇಬಿನ ನಾಯಿ

ಆ ವಾರ ಸಾಸ್ತಾನದಲ್ಲಿ ಚುಚ್ಚುಮದ್ದಿನ ಶಿಬಿರ. ಶಾಲೆಯ ಮೈದಾನ, ಬೆಳಿಗ್ಗೆಯಿಂದ ನಾಯಿಗಳ ಸಾಲು. ನಾನು ಸೂಜಿ ಡಬ್ಬಿ ಹಿಡಿದು ಡಾಕ್ಟರ ಪಕ್ಕ ನಿಂತಿದ್ದೆ. ಶಾಮಿಯಾನದ ವ್ಯಾಪಾರ ಮಾಡುವ ಒಬ್ಬ ಅಣ್ಣ ಒಂದು ಮರಿ ಎತ್ತಿಕೊಂಡು ಬಂದರು. ಮರಿಗೆ ಸ್ನಾನ ಆಗಿ, ಕೆಂಪು ರಿಬ್ಬನ್ ಕಟ್ಟಿ, ಹಣೆಗೆ ದೃಷ್ಟಿಬೊಟ್ಟು ಇಟ್ಟಿದ್ದರು. ಸುತ್ತಿಟ್ಟ ಜಮಖಾನ ಬಿಡಿಸುವಾಗ ಒಳಗೆ ಮಲಗಿತ್ತಂತೆ, ದೇವರೇ ಕೊಟ್ಟದ್ದು, ಮನೆಗೆ ಬಂದ ಲಕ್ಷ್ಮಿ ಅಂತ ಹೆಂಡತಿ ಹೇಳಿದಳಂತೆ. ರಿಬ್ಬನ್ನಿನಿಂದ ಕಿವಿ ಎರಡೂ ಮುಚ್ಚಿದ್ದರಿಂದ ನನಗೂ ಗುರ್ತ ಸಿಗಲಿಲ್ಲ.

ಡಾಕ್ಟರು ರೂಢಿಯಂತೆ ಯಂತ್ರ ಹಿಡಿದರು. ಬೀಪ್ ಎಂದಿತು. ಇದಕ್ಕೆ ಚಿಪ್ ಇದೆ, ಒಡೆಯರು ಬೇರೆ ಇದ್ದಾರೆ ಎಂದರು. ಅಣ್ಣನ ಮುಖ ಇಳಿದುಹೋಯಿತು, ಮರಿಯನ್ನು ಇನ್ನಷ್ಟು ಅವುಚಿಕೊಂಡರು. ಡಾಕ್ಟರು ಮೊಬೈಲಿನಲ್ಲಿ ನಂಬರ್ ಹುಡುಕಿ ಕರೆ ಮಾಡಿದರು. ನನ್ನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

ಗಲಾಟೆಯಲ್ಲಿ ಯಾರೆಂದು ನೋಡದೆ ಕಿವಿಗಿಟ್ಟೆ. "ನಮಸ್ಕಾರ, ನಿಮ್ಮ ನಾಯಿಮರಿ ಸಿಕ್ಕಿದೆ" ಎಂದು ಎರಡು ಕಡೆಯಿಂದ ಕೇಳಿಸಿತು, ಒಂದು ಫೋನಿನಿಂದ, ಒಂದು ಪಕ್ಕದಿಂದ. ನಾಯಿ ನನ್ನದಲ್ಲ, ತಪ್ಪು ನಂಬರ್ ಎಂದು ಹೇಳಿ ಕಟ್ ಮಾಡಿದ ಮೇಲೆಯೇ ನಾನು ತಿರುಗಿ ನೋಡಿದ್ದು.

ಡಾಕ್ಟರು ನನ್ನನ್ನು ನೋಡುತ್ತಿದ್ದ ರೀತಿಗೆ ಪುಸ್ತಕದ ಕನ್ನಡದಲ್ಲಿ ಶಬ್ದ ಇಲ್ಲ.

ಹೆಣ್ಣೋ ಗಂಡೋ

ರಿಬ್ಬನ್ ಸರಿಸಿದರೆ ನೆಟ್ಟಗಿನ ಕಿವಿ ಒಂದು, ಮಡಚಿದ ಕಿವಿ ಒಂದು. ನಾನು ಗಾಡಿ ಹಾರಿಸಿಕೊಂಡು ಹೋಗಿ ಅಕ್ಕನನ್ನು ಕರೆತಂದೆ. ಮರಿ ಅಕ್ಕನನ್ನು ಕಂಡದ್ದೇ ಅಣ್ಣನ ಅಂಗಿ ಹರಿಯುವ ಹಾಗೆ ಒದ್ದಾಡಿತು. ಆದರೆ ಅಣ್ಣ ಬಿಡಲಿಲ್ಲ. ಹಾಗೆ ಬಂದವರೆಲ್ಲ ನಮ್ಮದು ಎಂದರೆ ಹೇಗೆ, ನಡುವೆ ಬಿಟ್ಟು ಕರೆಯುವ ಎಂದರು. ಕರೆಯುವ ಎಂಬ ಶಬ್ದ ಕೇಳಿದ ಕೂಡಲೇ ಅಕ್ಕನ ಮುಖ ಬಿಳುಚಿತು. ಬೇಡ, ಚಿಪ್ ಓದಿ, ಹೆಸರು ಓದಿ ಎಂದರು.

ಡಾಕ್ಟರು ಗಟ್ಟಿಯಾಗಿ ಹೆಸರು ಓದಿದರು. ದೊಡ್ಡ ಮಾವನ ಪೂರ್ತಿ ಹೆಸರು, ಮನೆತನದ ಹೆಸರು ಸಮೇತ.

ಶಾಮಿಯಾನದ ಅಣ್ಣ ಎದ್ದು ನಿಂತರು. "ಇದ್ ನಮ್ ಯಜಮಾನ್ರ್ ಹೆಸ್ರ್ ಅಲ್ದಾ?"

ಅಲ್ಲಿಗೆ ನಾಯಿ ಒಂದು ಬದಿಗೆ ಹೋಯಿತು. ನಿಮಗೆ ಯಾವ ಮನೆಯಾಯಿತು, ನಿಮ್ಮ ಅಜ್ಜಿ ಯಾರಾಯಿತು ಎಂದು ಇಬ್ಬರೂ ಬೇರು ಹಿಡಿದು ಇಳಿದರು. ಕೊನೆಗೆ ಅಕ್ಕನ ಅಜ್ಜಿಯೂ ಅಣ್ಣನ ಅಜ್ಜಿಯೂ ಅಕ್ಕತಂಗಿಯರ ಮಕ್ಕಳು ಎಂದು ತೀರ್ಮಾನವಾಯಿತು. ಇಬ್ಬರಿಗೂ ಕಣ್ಣು ತೇವ. ಅಕ್ಕ ಮರಿ ಸಿಕ್ಕಿತು ಎಂದು ಕೈ ಚಾಚಿದರು. ಅಣ್ಣ ಕಣ್ಣೊರೆಸಿಕೊಂಡು, ಮರಿ ಕೊಡದೆ, ಬಹಳ ಪ್ರೀತಿಯಿಂದ ಹೇಳಿದರು, "ತಂಗಿ, ಯಜಮಾನ್ರ್ ಹೆಸ್ರಂಗ್ ಇತ್ತ್ ಅಂದ್ರೆ ಇದ್ ಕುಟುಂಬದ್ ಸೊತ್ತ್. ಪಾಲ್ ಆಯ್ಲಿಲ್ಲೆ. ನಮ್ಗೂ ಹಕ್ಕ್ ಇತ್ತ್."

ಕಳೆದುಹೋಗದಿರಲಿ ಎಂದು ಹಾಕಿಸಿದ ಚಿಪ್ಪೇ ಹೀಗೆ ತಿರುಗಿ ನಿಂತಿತು. ಡಾಕ್ಟರು ನನ್ನ ಕಿವಿಯಲ್ಲಿ, ಇದಕ್ಕೆ ಯಾವ ಕಾಯಿದೆ ಎಂದರು. ನಾಯಿಯದ್ದಲ್ಲ, ಗದ್ದೆಯದ್ದು ಎಂದೆ.

ಬೇರೆ ದಾರಿ ಇರಲಿಲ್ಲ. ಅಣ್ಣ ತಮ್ಮ ಫೋನಿನಿಂದಲೇ ಮುಂಬೈಗೆ ಕರೆ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟರು. ಹೋಟೆಲಿಗೆ ಊಟದ ಹೊತ್ತು. ಯಜಮಾನರು ನಡುನಡುವೆ ಹಿಂದಿಯಲ್ಲಿ ಮಾಣಿಗಳಿಗೆ ಬೈಯುತ್ತ ಸಂಗತಿ ಪೂರ್ತಿ ಕೇಳಿದರು. ತಮ್ಮ ಹೆಸರಿನಲ್ಲಿ ಒಂದು ನಾಯಿ ಇದೆ ಎಂದು ತಿಳಿದದ್ದಕ್ಕೆ ಆಶ್ಚರ್ಯವನ್ನೇ ಪಡಲಿಲ್ಲ. ಅವರ ಹೆಸರಿನಲ್ಲಿ ಏನೆಲ್ಲ ಇದೆ ಎಂದು ಅವರಿಗೂ ಗೊತ್ತಿಲ್ಲ. ಅಕ್ಕ ಫೋನಿನ ಕಡೆ ನೋಡದೆ ಮರಿಯ ಕಾಲನ್ನು ಹಿಡಿದುಕೊಂಡು ನಿಂತಿದ್ದರು. ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ, ಹೆಣ್ಣೋ ಗಂಡೋ?

ಹೆಣ್ಣು ಎಂದೆ.

"ಮತ್ತೆ ಎಂತಕೆ ಪಂಚಾತ್ಕಿ? ಗಂಡ್ಸ್ರ್ ಕೈಯಂಗ್ ಕೊಟ್ರೆ ನಾಳಿಕ್ ಅದ್ರ್ ಮಕ್ಳೆಲ್ಲ ಹೆಂಡ್ತಿ ಬದಿಗ್ ಹೋತ್ತೊ. ಹೆಣ್ಣ್ ಹೆಣ್ಣಿನ್ ಹತ್ರವೇ ಇರ್ಲಿ, ಕುಟುಂಬ ಬೆಳಿತ್ತ್." ಹಿಂದಿನಿಂದ ಏನೋ ಬಿದ್ದು ಒಡೆದ ಶಬ್ದವಾಯಿತು, ಫೋನ್ ಕಟ್ಟಾಯಿತು.

ತೀರ್ಪಿಗೆ ಎದುರು ಮಾತಿಲ್ಲ. ಅಣ್ಣ ಮರಿಯ ರಿಬ್ಬನ್ ಸರಿಮಾಡಿ ಅಕ್ಕನ ಕೈಗೆ ಕೊಟ್ಟರು. ಮರಿ ಅಕ್ಕನ ಕುತ್ತಿಗೆಗೆ ಮೂಗು ಒತ್ತಿ ಕೂತಿತು. ಅಕ್ಕ ಸೆರಗಿನಿಂದ ದೃಷ್ಟಿಬೊಟ್ಟು ಒರೆಸಲು ಹೋದವರು, ಇರಲಿ ಎಂದು ಬಿಟ್ಟರು. ಈಗಲಾದರೂ ಎಲ್ಲ ಮುಗಿಯಿತು ಎಂದು ನಾನು ಗಾಡಿಯ ಕೀ ತೆಗೆದೆ.

ಅಣ್ಣ ಒಮ್ಮೆ ಕೆಮ್ಮಿದರು. ಮನೆಯಲ್ಲಿ ಒಂದು ಗಂಡು ನಾಯಿ ಇದೆ, ಒಳ್ಳೆಯ ಜಾತಿ, ಈ ಮರಿ ದೊಡ್ಡದಾದ ಮೇಲೆ ನಾವು ನಾವೇ ಒಂದು ಸಂಬಂಧ ಮಾಡಿಕೊಳ್ಳಬಹುದು, ಹುಟ್ಟಿದ ಮರಿಯಲ್ಲಿ ಒಂದು ನಮಗೆ ಕೊಟ್ಟರೆ ಸಾಕು ಎಂದರು.

ಅಕ್ಕ ಅವರನ್ನು ನೋಡಿದ ನೋಟದಲ್ಲಿ ನಗು ಚೂರೂ ಇರಲಿಲ್ಲ. ಅವರ ಪೈಕಿಯಲ್ಲಿ ತಾಯಿ ಕಡೆಯಿಂದ ಬರುವ ವಂಶಕ್ಕೆ ಬಳಿ ಎನ್ನುತ್ತಾರೆ. ಒಂದೇ ಬಳಿಯವರು ಅಣ್ಣತಂಗಿಯರ ಲೆಕ್ಕ, ಮದುವೆ ಕೂಡದು.

"ಒಂದೇ ಬಳಿ ಅಲ್ದಾ ಅಣ್ಣ? ಸಂಬಂಧ ಆಪುಕಿಲ್ಲೆ."

ಅಣ್ಣ ಇದನ್ನೂ ಆಗಲೇ ಯೋಚನೆ ಮಾಡಿಟ್ಟಿದ್ದರು. ಆ ನಾಯಿಯನ್ನು ತಂದದ್ದು ಹೆಂಡತಿಯ ತಾಯಿಮನೆಯಿಂದ, ಹಾಗಾಗಿ ಬಳಿ ಬೇರೆ ಎಂದರು.

ಅಕ್ಕ ಮರಿಯನ್ನು ಎಡಗೈಗೆ ಬದಲಿಸಿಕೊಂಡು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಲೆಕ್ಕ ಸರಿ ಇತ್ತು. ಆದರೆ ಬಾಯಿಮಾತನ್ನು ನಂಬುವ ಕಾಲ ಅವರಿಗೆ ಮುಗಿದಿತ್ತು. ಡಾಕ್ಟರ ಮೇಜಿನ ಮೇಲಿದ್ದ ಚಿಪ್ಪಿನ ಡಬ್ಬಿ ತೋರಿಸಿ ಹೇಳಿದರು, "ಹಾಂಗಾರೆ ಮೊದ್ಲ್ ಆ ಗಂಡಿಗೂ ಒಂದ್ ಹಾಕ್ಸಿ, ನಿಮ್ ಹೆಂಡ್ತಿ ಸೋದರಮಾವನ್ ಹೆಸ್ರ್ ಬರ್ಸಿ. ಓದಿ ಕಂಡ್ಕಂಡ್ ಕಡಿಗ್ ಮಾತಾಡ್ವ."

ಅಣ್ಣ ಗಂಡಿನ ಕಡೆಯವರಿಗೆ ತಕ್ಕ ವಿನಯದಿಂದ ತಲೆಬಗ್ಗಿಸಿ, ನಾಯಿಯನ್ನು ಕರೆತರಲು ಮನೆಗೆ ಓಡಿದರು.